ಬುತ್ತಿಯೂ ಕರಡಿಯೂ

ಪ್ರಯಾಣಕ್ಕೆ ಹೊರಡುವ ಮನೆಯಲ್ಲಿ ಎಲ್ಲಕ್ಕೂ ಮೊದಲು ಸಿದ್ಧವಾಗುವದು ಬುತ್ತಿಯು. ಹೊದಿಕೆಯನ್ನು ಮರೆತರೆ ಒಂದಿರುಳು ಚಳಿಯಲ್ಲಿ ಕಳೆದೀತು. ಬುತ್ತಿಯಿಲ್ಲದೆ ಹೊರಟವನನ್ನು ಮಾತ್ರ ಓಣಿಯ ಹಿರಿಯರೇ ಹಿಂದಕ್ಕೆ ಕರೆಯುವರು. ಹುಲಿಗೆಮ್ಮನ ಹುಣ್ಣಿವೆಗೆ ಕಾಲ್ನಡೆಯಿಂದ ಹೋಗುವವರು, ಹನುಮಮಾಲೆಯನ್ನು ಧರಿಸಿ ಅಂಜನಾದ್ರಿಯನ್ನೇರುವವರು, ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಪುರಾತನ ಕಲ್ಮನೆಗಳನ್ನು ನೋಡಬೇಕೆಂದು ಬೆನ್ನಿಗೆ ಚೀಲವೇರಿಸಿ ಬರುವ ಈಗಿನ ತರುಣರು, ಕುರಿಯ ಹಿಂಡಿನೊಡನೆ ಗುಡ್ಡದ ಬದಿಯಲ್ಲಿ ಹಟ್ಟಿ ಹಾಕುವ ಕುರುಬರು, ಇವರೆಲ್ಲರ ಗಂಟಿನಲ್ಲಿಯೂ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ಬಾಳೆಹಣ್ಣು ಇದ್ದೇ ಇರುವವು. ಆ ಗಂಟಿಗೆ ಆಶೆಪಡುವವರು ಮನುಷ್ಯರಷ್ಟೇ ಅಲ್ಲವೆಂಬದನ್ನು ನೆನಪಿಡುವವರು ಮಾತ್ರ ಸ್ವಲ್ಪ.

ಮನೆಯಲ್ಲಿ ಅನ್ನವನ್ನು ಕಾಯುವ ವಿದ್ಯೆಯು ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಬೆಕ್ಕಿಗೆ ಸಿಕ್ಕದಂತೆ ಹಾಲುಮೊಸರಿನ ಗಡಿಗೆಯನ್ನು ನೆಲುವಿಗೇರಿಸುವರು. ಇರುವೆಯು ಹತ್ತದಂತೆ ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡುವರು. ಕಾಳನ್ನು ಹಗೇವಿನಲ್ಲಿ ತುಂಬಿ ಮಣ್ಣು ಮೆತ್ತುವರು. ಕಳ್ಳನು ಯಾರು, ಅವನು ಯಾವ ದಾರಿಯಿಂದ ಬರುವನು ಎಂಬದನ್ನು ತಿಳಿದು ಮಾಡಿದ ಉಪಾಯಗಳಿವು. ಆದರೆ ಹೊಸ್ತಿಲು ದಾಟಿ ಗುಡ್ಡದ ದಾರಿ ಹಿಡಿದೊಡನೆ ಈ ವಿವೇಕವೆಲ್ಲವೂ ಮನೆಯಲ್ಲಿಯೇ ಉಳಿಯುವದು. ರೊಟ್ಟಿಯ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗುವದು ನಮ್ಮ ಪ್ರಯಾಣಿಕರ ಹಳೆಯ ವಾಡಿಕೆ. ಕಳ್ಳಕಾಕರ ಭಯವಿದ್ದ ಛತ್ರದಲ್ಲಿ ಅದು ಜಾಣತನವೇ ಹೌದು. ಕರಡಿಯ ಸೀಮೆಯಲ್ಲಿ ಅದಕ್ಕಿಂತ ಕೆಟ್ಟ ಜಾಗವು ಬುತ್ತಿಗೂ ಇಲ್ಲ, ತಲೆಗೂ ಇಲ್ಲ.

ನಮ್ಮದು ಕರಡಿಯ ಸೀಮೆಯೇ. ರೈಲು ಹಳಿಯ ಈಚೆಗೆ ಭಾಗ್ಯನಗರದಲ್ಲಿ ಮಗ್ಗದ ಸಪ್ಪಳವನ್ನು ಕೇಳುತ್ತ ಕುಳಿತವರಿಗೆ ಇದು ದೂರದ ಮಾತೆಂದು ತೋರಬಹುದು. ಆದರೆ ಕಣ್ಣೆತ್ತಿ ನೋಡಿದರೆ ಕೊಪ್ಪಳದ ಕೋಟೆಯ ಬೆಟ್ಟ, ಅಶೋಕನ ಶಾಸನಗಳಿರುವ ಗವಿಮಠದ ಗುಡ್ಡ ಮತ್ತು ಪಾಲ್ಕಿಗುಂಡು, ಅಲ್ಲಿಂದ ಮೂಡಲಿಗೆ ಗಂಗಾವತಿ ಆನೆಗೊಂದಿಗಳವರೆಗೆ ಬಂಡೆಯ ಮೇಲೆ ಬಂಡೆಯನ್ನು ಯಾರೋ ಒಟ್ಟಿದಂತೆ ಕಾಣುವ ಕಲ್ಲುಗುಡ್ಡಗಳ ಸಾಲು. ಈ ಬಂಡೆಗಳ ನಡುವಿನ ಸಂದುಗಳೇ ಕರಡಿಯ ಮನೆಗಳು. ಬೇಸಿಗೆಯಲ್ಲಿ ಮೇಲಿನ ಕಲ್ಲು ಕಾದ ಹಂಚಿನಂತಾದರೂ ಒಳಗಿನ ಗವಿಯು ತಂಪಾಗಿರುವದು. ಹಗಲೆಲ್ಲ ಅಲ್ಲಿ ಮಲಗಿ, ಹೊತ್ತು ಮುಳುಗುವ ಸುಮಾರಿಗೆ ಕರಡಿಯು ಆಹಾರಕ್ಕಾಗಿ ಇಳಿಯುವದು; ಬೆಳಗಿನ ಜಾವಕ್ಕೆ ಮರಳುವದು.

ಪುರಾಣವನ್ನು ನಂಬುವದಾದರೆ ಈ ಒಕ್ಕಲುತನವು ಇಂದಿನದಲ್ಲ. ಆನೆಗೊಂದಿಯ ಪರಿಸರವೇ ರಾಮಾಯಣದ ಕಿಷ್ಕಿಂಧೆಯೆಂದು ನಮ್ಮ ಜನರು ಹೇಳುತ್ತ ಬಂದಿದ್ದಾರೆ. ಅಲ್ಲಿ ಸುಗ್ರೀವ ಹನುಮಂತರೊಡನೆ ಕರಡಿಗಳ ಒಡೆಯನಾದ ಜಾಂಬವಂತನೂ ಇದ್ದನು. ಗಣೇಶಚೌತಿಯ ದಿನ ಮನೆಮನೆಗಳಲ್ಲಿ ಹೇಳುವ ಸ್ಯಮಂತಕಮಣಿಯ ಕಥೆಯಲ್ಲಿ ಇದೇ ಜಾಂಬವಂತನ ಗವಿಯನ್ನು ಹೊಕ್ಕ ಶ್ರೀಕೃಷ್ಣನು ದಿನಗಟ್ಟಲೆ ಹೆಣಗಬೇಕಾಯಿತು. ದೇವರಿಗೇ ಅಷ್ಟು ಹೊತ್ತು ಹಿಡಿಯಿತೆಂದ ಮೇಲೆ ಕೈಬತ್ತಿಯೊಂದನ್ನು ಹಿಡಿದು ಗವಿಯಲ್ಲಿ ಇಣಿಕಿ ನೋಡುವ ಹುಡುಗರಿಗೆ ಹಿರಿಯರು ಎರಡು ಮಾತು ಹೇಳುವದು ಅನುಚಿತವಾಗಲಾರದು.

ಕರಡಿಯ ಶರೀರರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುವದು. ನಮ್ಮ ಕರಡಿಯು ಹಿಮಾಲಯದ ಕರಡಿಗಿಂತಲೂ ಅಮೇರಿಕೆಯ ಕರಡಿಗಿಂತಲೂ ಬೇರೆ ಜಾತಿಯದು. ಉದ್ದವಾದ ಒರಟು ಕರಿಯ ಕೂದಲು, ಎದೆಯ ಮೇಲೆ ಬಿಳಿಯ ಲಾಳದಂಥ ಗುರುತು, ಮುಂಗಾಲಿಗೆ ಸುಮಾರು ಮೂರು ಅಂಗುಲದ ಡೊಂಕಾದ ಉಗುರು. ೧೭೯೧ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಎಂಬವನು ಈ ಉಗುರುಗಳನ್ನೂ ಹಲ್ಲುಗಳನ್ನೂ ನೋಡಿ, ಇದು ದಕ್ಷಿಣ ಅಮೇರಿಕೆಯ ಮರಗಳಲ್ಲಿ ಜೋತುಬೀಳುವ ಸೋಮಾರಿ ಪ್ರಾಣಿಯ ಬಳಗದ್ದೆಂದು ಬಗೆದು ಹಾಗೆಯೇ ಹೆಸರಿಟ್ಟನು. ಅದು ಕರಡಿಯೇ ಎಂಬದು ಆ ಮೇಲೆ ಗೊತ್ತಾದರೂ ಇಂಗ್ಲಿಷರ ಬಾಯಲ್ಲಿ ಇಂದಿಗೂ ಅದು ಸೋಮಾರಿ ಕರಡಿಯೇ ಆಗಿ ಉಳಿದಿದೆ. ಬೆನ್ನಟ್ಟಿಸಿಕೊಂಡವರನ್ನು ಕೇಳಿದರೆ ಸೋಮಾರಿತನದ ಸುದ್ದಿಯು ತಿಳಿದೀತು.

ಅದರ ಬಾಯಿಯು ಗೆದ್ದಲನ್ನು ಹೀರುವದಕ್ಕಾಗಿಯೇ ಮಾಡಿದಂತಿದೆ. ಮೇಲ್ದವಡೆಯ ನಡುವಿನ ಎರಡು ಹಲ್ಲುಗಳು ಅದಕ್ಕೆ ಇಲ್ಲ. ಹುತ್ತವನ್ನು ಉಗುರಿನಿಂದ ಒಡೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ತುಟಿಗಳನ್ನು ಕೊಳವೆಯಂತೆ ಮುಂದಕ್ಕೆ ಚಾಚಿ, ಮೊದಲು ಧೂಳನ್ನು ಊದಿ ಹಾರಿಸಿ, ಬಳಿಕ ಆ ಹಲ್ಲಿನ ಸಂದಿಯಿಂದ ಗೆದ್ದಲುಗಳನ್ನು ಸೆಳೆದುಕೊಳ್ಳುವದು. ಈ ಸಪ್ಪಳವು ನೂರು ಮಾರು ದೂರಕ್ಕೂ ಕೇಳಿಸುವದುಂಟು. ಗೆದ್ದಲಿನ ಹೊರತು ಇರುವೆ, ಜೇನು, ಬಾರಿ, ಕವಳಿ, ಕಾರಿ, ಅತ್ತಿ, ನೇರಳೆ, ಸೀತಾಫಲ, ಕಕ್ಕೆಯ ಕಾಯಿ ಇವೆಲ್ಲವೂ ಅದಕ್ಕೆ ಆಹಾರವೇ. ಜೇನಿಗಾಗಿ ಮರವನ್ನು ಸಲೀಸಾಗಿ ಹತ್ತುವದು. ಕಣ್ಣು ಕಿವಿಗಳು ಅಷ್ಟು ಚುರುಕಲ್ಲ. ಮೂಗು ಮಾತ್ರ ಬಲು ಚುರುಕು. ಹಿಂಗಾಲಿನ ಮೇಲೆ ಎದ್ದು ನಿಲ್ಲುವ ಕರಡಿಯನ್ನು ಕಂಡು ಅದು ಮೈಮೇಲೆ ಬೀಳಲು ಸಿದ್ಧವಾಯಿತೆಂದು ಜನರು ತಿಳಿಯುವರು. ಬಹಳ ಸಲ ಅದು ಗಾಳಿಯನ್ನು ಮೂಸಿ, ಎದುರಿಗಿರುವದೇನೆಂದು ತಿಳಿಯುವ ಪ್ರಯತ್ನವಾಗಿರುತ್ತದೆ.

ಮೂಗಿನಿಂದಲೇ ಲೋಕವನ್ನು ತಿಳಿಯುವ ಇಂಥ ಪ್ರಾಣಿಗೆ ನಮ್ಮ ಅಡಿಗೆಯ ಸುವಾಸನೆಯು ಎಂಥ ಆಮಂತ್ರಣವೆಂಬದನ್ನು ವಾಚಕರು ಊಹಿಸಿಕೊಳ್ಳಬಹುದು. ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ ಸೀಮೆಗಳ ಗುಡ್ಡದಂಚಿನ ಗುಡಿಗಳಲ್ಲಿ ಇದರ ಪ್ರತ್ಯಕ್ಷ ಪ್ರಮಾಣವು ಆಗಾಗ ದೊರೆಯುವದು. ರಾತ್ರಿ ಗುಡಿಯ ಬಾಗಿಲನ್ನು ನೂಕಿ ಒಳಗೆ ಬಂದ ಕರಡಿಯು ದೀಪದ ಎಣ್ಣೆಯನ್ನು ಕುಡಿದು, ಒಡೆದಿಟ್ಟ ತೆಂಗಿನಕಾಯಿಯ ಹೋಳುಗಳನ್ನು ಮೆದ್ದು ಹೋಗುವದು. ಮುಂಜಾನೆ ಪೂಜಾರಿಯು ಬಂದು ನೋಡಿದರೆ ಹಣತೆಗಳು ಉರುಳಿರುವವು. ಹುಂಡಿಯು ಮಾತ್ರ ಇದ್ದಲ್ಲಿಯೇ ಇರುವದು. ಜನರು ಇದನ್ನು ಭಕ್ತಿಯಿಂದಲೋ ವಿನೋದದಿಂದಲೋ ಹೇಳಿ ನಗುವರು. ಆದರೆ ಒಮ್ಮೆ ಎಣ್ಣೆಯ ರುಚಿ ಕಂಡ ಕರಡಿಯು ಎರಡನೆಯ ಸಲ ಬರುವಾಗ ಮನುಷ್ಯನ ವಾಸನೆಗೆ ಅಷ್ಟು ಅಂಜುವದಿಲ್ಲ. ಮೂರನೆಯ ಸಲ ಬೆಳಕಿಗೂ ಅಂಜುವದಿಲ್ಲ. ಅಂಜಿಕೆ ಬಿಟ್ಟ ಕರಡಿಯೂ ನಸುಕಿನಲ್ಲಿ ನೀರು ತರಲು ಹೊರಟ ಹೆಣ್ಣುಮಗಳೂ ಒಂದೇ ತಿರುವಿನಲ್ಲಿ ಎದುರುಬದುರಾದ ದಿನ ನಗೆಯ ಮಾತು ಮುಗಿಯುವದು. ಕರಡಿಯು ಹೆಚ್ಚಾಗಿ ಮುಖಕ್ಕೂ ತಲೆಗೂ ಗಾಯ ಮಾಡುವ ಪ್ರಾಣಿ. ಬದುಕಿ ಉಳಿದವರೂ ಕಣ್ಣನ್ನೋ ದವಡೆಯನ್ನೋ ಕಳಕೊಂಡು ಜೀವಮಾನವೆಲ್ಲ ಸೆರಗಿನ ಮರೆಯಲ್ಲಿ ಮುಖವನ್ನಿಟ್ಟುಕೊಳ್ಳಬೇಕಾಗುವದು.

ಹೊಲದ ಬೆಳೆಯ ಮಾತೂ ಇದೇ. ಶೇಂಗಾ, ಮೆಕ್ಕೆಜೋಳ, ಕಲ್ಲಂಗಡಿಗಳು ಗುಡ್ಡದ ಬುಡದವರೆಗೂ ಬೆಳೆದು ನಿಂತಾಗ ಕರಡಿಯು ಬಾರಿಯ ಮುಳ್ಳಿನಲ್ಲಿ ಏಕೆ ಹೆಣಗೀತು? ಮೊದಲು ರೈತರು ಮಂಚಿಕೆಯ ಮೇಲೆ ಕುಳಿತು ಡಬ್ಬಿ ಬಡಿದು, ಕವಣೆ ಬೀಸಿ, ಬೆಂಕಿ ಹಾಕಿ ಕಾಯುತ್ತಿದ್ದರು. ಇಂದಿಗೂ ಹಾಗೆ ಕಾಯುವವರುಂಟು. ಕೆಲವರು ತಂತಿಗೆ ವಿದ್ಯುತ್ತನ್ನು ಹರಿಸಿಬಿಡುವರು. ಇದು ಕಾಯಿದೆಗೆ ವಿರುದ್ಧವಷ್ಟೇ ಅಲ್ಲ, ಕರಡಿಗಿಂತ ಮೊದಲು ಮನೆಯ ಎತ್ತೋ ಮಗನೋ ಅದಕ್ಕೆ ತುತ್ತಾಗಬಹುದಾದ ಘೋರವಾದ ಉಪಾಯ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕರಡಿಯು ಸೇರಿದೆ. ಹುಲಿಗಿರುವ ರಕ್ಷಣೆಯೇ ಅದಕ್ಕೂ ಉಂಟು. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಬೇಡುವ ದಾರಿಯಿದೆ.

ಬುತ್ತಿಯನ್ನು ಕರಡಿಯಿಂದ ಕಾಯುವದನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದವರು ಅಮೇರಿಕದವರು. ಅವರಿಗೆ ಆ ಬುದ್ಧಿ ಬಂದ ಬಗೆಯು ತಿಳಿಯತಕ್ಕದ್ದಾಗಿದೆ. ಯಲ್ಲೋಸ್ಟೋನ್ ಎಂಬ ಅವರ ಪ್ರಸಿದ್ಧ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಕಾಲಕ್ಕೆ ಹೊಟೇಲುಗಳ ಎಂಜಲನ್ನು ಒಂದೆಡೆ ಸುರುವಿ, ಅದನ್ನು ತಿನ್ನಲು ಬರುವ ಕರಡಿಗಳನ್ನು ನೋಡುವದಕ್ಕೆಂದು ಪ್ರೇಕ್ಷಕರಿಗೆ ಆಸನಗಳ ಸಾಲನ್ನೇ ಕಟ್ಟಿದ್ದರು. ಸಂಜೆಯಾದರೆ ನಾಟಕಕ್ಕೆ ಹೋದಂತೆ ಜನರು ಅಲ್ಲಿಗೆ ಹೋಗುತ್ತಿದ್ದರು. ಅಂಥ ಕೊನೆಯ ಪ್ರದರ್ಶನವು ೧೯೪೧ರಲ್ಲಿ ನಿಂತಿತು. ಕಸದ ಗುಂಡಿಗಳು ಮುಚ್ಚಿದ್ದು ಇನ್ನೂ ಬಹಳ ವರ್ಷಗಳ ಮೇಲೆ. ಅಷ್ಟರಲ್ಲಿ ಕರಡಿಗಳ ತಲೆಮಾರುಗಳೇ ಮನುಷ್ಯನೆಂದರೆ ಅನ್ನವೆಂದು ಕಲಿತುಬಿಟ್ಟಿದ್ದವು. ಕ್ಯಾಲಿಫೋರ್ನಿಯದ ಯೊಸೆಮಿಟಿ ಉದ್ಯಾನದಲ್ಲಿ ೧೯೯೮ನೆಯ ಒಂದೇ ವರ್ಷದಲ್ಲಿ ಕರಡಿಗಳು ಆಹಾರಕ್ಕಾಗಿ ಮೋಟಾರುಗಳನ್ನೂ ಡೇರೆಗಳನ್ನೂ ಮುರಿದ ಪ್ರಸಂಗಗಳು ೧,೫೦೦ಕ್ಕೂ ಮಿಕ್ಕಿದ್ದವು. ಮೋಟಾರಿನ ಬಾಗಿಲನ್ನು ಚೌಕಟ್ಟು ಸಹಿತ ಬಗ್ಗಿಸಿ, ಒಳಗಿನ ಒಂದು ಪೊಟ್ಟಣ ಬಿಸ್ಕೀಟನ್ನು ತಿನ್ನುವಷ್ಟು ಅವು ನಿಪುಣವಾಗಿದ್ದವು. ಹೀಗೆ ಕೈಮೀರಿದ ಕರಡಿಗಳನ್ನು ಕೊನೆಗೆ ಅಧಿಕಾರಿಗಳೇ ಕೊಲ್ಲಬೇಕಾಗುತ್ತಿತ್ತು. ಎಸೆದ ಎಂಜಲಿನ ಬೆಲೆಯನ್ನು ಹೀಗೆ ಕರಡಿಯು ತೆರುತ್ತಿದ್ದಿತು.

ಮೊದಮೊದಲು ಅವರೂ ನಮ್ಮ ನೆಲುವಿನ ಉಪಾಯವನ್ನೇ ಹಿಡಿದರು. ಆಹಾರದ ಚೀಲವನ್ನು ಹಗ್ಗದಿಂದ ಎತ್ತರದ ಕೊಂಬೆಗೆ ತೂಗುಹಾಕುವದು, ಬುಡದಿಂದಲೂ ಕೊಂಬೆಯಿಂದಲೂ ಎಟುಕದಂತೆ ಎರಡು ಚೀಲಗಳನ್ನು ತಕ್ಕಡಿಯಂತೆ ಸರಿತೂಕ ಮಾಡಿ ಬಿಡುವದು, ಇತ್ಯಾದಿ. ತಾಯಿ ಕರಡಿಯು ಮರಿಯನ್ನು ತೆಳುವಾದ ಕೊಂಬೆಯ ಮೇಲೆ ಕಳಿಸಿ ಹಗ್ಗವನ್ನು ಕಡಿಸುವದನ್ನು ಕಲಿಯಿತು. ಆಗ, ೧೯೮೦ರ ದಶಕದಲ್ಲಿ, ಅಲಾಸ್ಕದ ಡೆನಾಲಿ ಉದ್ಯಾನದಲ್ಲಿ ಕರಡಿಗೆ ಒಡೆಯಲಾಗದ ಗಟ್ಟಿಯಾದ ಡಬ್ಬಿಗಳನ್ನು ಪ್ರವಾಸಿಗಳಿಗೆ ಕೊಡುವ ಪದ್ಧತಿಯು ಬಂದಿತು. ಅದು ಸಣ್ಣ ಡೋಲಿನಂಥ ಡಬ್ಬಿ. ಮೈ ನುಣುಪು, ಹಲ್ಲಿಗಾಗಲಿ ಉಗುರಿಗಾಗಲಿ ಹಿಡಿತ ಸಿಕ್ಕಬಾರದು. ಸುತ್ತಳತೆಯು ಕರಡಿಯ ದವಡೆಗಿಂತ ದೊಡ್ಡದು. ಮುಚ್ಚಳದ ಅಗುಳಿಯನ್ನು ನಾಣ್ಯದಿಂದ ತಿರುವಿದರೆ ಮಾತ್ರ ತೆರೆಯುವದು. ಕರಡಿಯ ಹತ್ತಿರ ನಾಣ್ಯವಿರುವದಿಲ್ಲವೆಂಬದೇ ಇದರ ಮರ್ಮ! ಯೊಸೆಮಿಟಿಯಲ್ಲಿ ಕಾಡು ನಡಿಗೆಯವರಿಗೆ ಈ ಡಬ್ಬಿಯನ್ನು ಕಡ್ಡಾಯ ಮಾಡಿ, ಬಿಡಾರಗಳಲ್ಲಿ ಕಬ್ಬಿಣದ ಪೆಟ್ಟಿಗೆಗಳನ್ನು ಇರಿಸಿದ ಬಳಿಕ ಅಲ್ಲಿಯ ಪ್ರಸಂಗಗಳು ಹತ್ತರಲ್ಲೊಂದು ಪಾಲಿಗಿಂತಲೂ ಕೆಳಗಿಳಿದವು.

ಇದರಲ್ಲಿಯೂ ಒಂದು ಸ್ವಾರಸ್ಯವುಂಟು. ನ್ಯೂಯಾರ್ಕ್ ಸಂಸ್ಥಾನದ ಅಡಿರೊಂಡ್ಯಾಕ್ ಬೆಟ್ಟಗಳಲ್ಲಿ ಎರಡು ಕಿವಿಗಳಿಗೂ ಹಳದಿಯ ಬಿಲ್ಲೆಗಳನ್ನು ತೊಡಿಸಿದ್ದರಿಂದ ‘ಹಳದಿ-ಹಳದಿ’ ಎಂದು ಹೆಸರಾದ ಒಂದು ಹೆಣ್ಣು ಕರಡಿಯಿದ್ದಿತು. ಗಾತ್ರದಲ್ಲಿ ದೊಡ್ಡದಲ್ಲ. ತಿರುಗಿಸಿ ತೆಗೆಯುವ ಒಂದು ಬಗೆಯ ಡಬ್ಬಿಯ ಮುಚ್ಚಳವನ್ನು ಹಲ್ಲಿನಿಂದ ಅದುಮಿ ತೆರೆಯುವದನ್ನು ಅದು ತಾನಾಗಿ ಕಂಡುಹಿಡಿಯಿತು. ತಯಾರಿಸುವವರು ಎರಡು ಸಲ ಒತ್ತಿದರೆ ಮಾತ್ರ ತೆರೆಯುವಂತೆ ತಿದ್ದಿದರು. ಕರಡಿಯು ಎರಡು ಸಲ ಒತ್ತಿತು. ೨೦೧೨ರಲ್ಲಿ ಅದು ಒಬ್ಬ ಬೇಟೆಗಾರನ ಗುಂಡಿಗೆ ಬಲಿಯಾಯಿತು. ಬೀಗವನ್ನು ಮಾಡುವವನ ಜಾಣತನವೂ ಮುರಿಯುವವನ ಹಸಿವೂ ಎಂದಿಗೂ ಹೀಗೆಯೇ ಒಂದನ್ನೊಂದು ಬೆನ್ನಟ್ಟುವವು.

ಅಮೇರಿಕೆಯ ಈ ಉಪಾಯಗಳನ್ನು ಇದ್ದಂತೆ ತಂದು ನಮ್ಮ ಗುಡ್ಡಕ್ಕೆ ಹಚ್ಚಲು ಬರುವದಿಲ್ಲ. ನಮ್ಮ ಕುರುಚಲು ಕಾಡಿನಲ್ಲಿ ಬುತ್ತಿಯನ್ನು ತೂಗುಹಾಕುವಷ್ಟು ಎತ್ತರದ ಮರವೇ ಅಪರೂಪ. ಇದ್ದ ಬೇವನ್ನೂ ಅತ್ತಿಯನ್ನೂ ನಮ್ಮ ಕರಡಿಯು ಹತ್ತಬಲ್ಲದು. ದುಂಡನೆಯ ಡಬ್ಬಿಯನ್ನು ಇಳಿಜಾರು ಬಂಡೆಯ ಮೇಲೆ ಇಟ್ಟರೆ ಕರಡಿಯು ಬರುವದಕ್ಕಿಂತ ಮೊದಲೇ ಅದು ಉರುಳಿ ಕೈಯೆಟುಕದ ಬಿರುಕಿನಲ್ಲಿ ಬಿದ್ದೀತು. ಇದಕ್ಕಿಂತಲೂ ದೊಡ್ಡ ಭೇದವೊಂದುಂಟು. ಅಲ್ಲಿಯ ಕರಡಿಯು ಆಹಾರವನ್ನು ಹುಡುಕುತ್ತ ಮನುಷ್ಯನ ಡೇರೆಗೆ ಬರುವದು. ಇಲ್ಲಿ ಹೆಚ್ಚಾಗಿ ಮನುಷ್ಯನೇ ತಿಳಿಯದೆ ಕರಡಿಯ ಊಟದ ಎಲೆಯ ಮುಂದೆ ಹೋಗಿ ನಿಲ್ಲುವನು. ಬಾರಿ ಹಣ್ಣಾದಾಗ ಬಾರಿಯ ಪೊದೆಯ ಹತ್ತಿರ, ಮಳೆ ಬಿದ್ದು ನೆಲ ಮೆತ್ತಗಾದಾಗ ಹುತ್ತದ ಹತ್ತಿರ, ಬೇಸಿಗೆಯಲ್ಲಿ ನೀರಿನ ದೋಣೆಯ ಹತ್ತಿರ ಕರಡಿಯು ಇರುವದೆಂದೇ ತಿಳಿದು ನಡೆಯಬೇಕು. ನಮ್ಮ ಕರಡಿಯು ಮನುಷ್ಯನನ್ನು ತಿನ್ನಬೇಕೆಂದು ಬೀಳುವದಿಲ್ಲ, ಬೆದರಿ ಬೀಳುವದು. ಮರಿಗಳಿದ್ದ ತಾಯಿಯಂತೂ ಕ್ಷಣವೂ ತಡೆಯುವದಿಲ್ಲ. ಮರಿಗಳು ಚಳಿಗಾಲದ ಸುಮಾರಿಗೆ ಗವಿಯಲ್ಲಿ ಹುಟ್ಟಿ, ಎರಡು ಮೂರು ತಿಂಗಳ ಬಳಿಕ ತಾಯಿಯ ಬೆನ್ನಿನ ಕೂದಲನ್ನು ಹಿಡಿದು ಸವಾರಿ ಮಾಡುತ್ತ ಹೊರಗೆ ಬರುವವು. ನಮ್ಮ ಹನುಮವ್ರತ, ಗವಿಮಠದ ಜಾತ್ರೆಗಳ ಕಾಲವೂ ಅದೇ ಆಗಿರುವದನ್ನು ನಡೆದು ಹೋಗುವವರು ಮನಸ್ಸಿನಲ್ಲಿಡಬೇಕು.

ಹೀಗಿರಲು ಬುತ್ತಿಯ ವಿಷಯದಲ್ಲಿ ಮಾಡತಕ್ಕದ್ದೇನು? ಮೊದಲನೆಯದಾಗಿ, ಕಟ್ಟುವ ಪದಾರ್ಥವನ್ನೇ ಆರಿಸಬೇಕು. ಗುಡ್ಡದ ದಾರಿಗೆ ಕಡಕು ರೊಟ್ಟಿ, ಗುರೆಳ್ಳಿನ ಪುಡಿ, ಹುರಿಗಡಲೆ, ಅವಲಕ್ಕಿ ಇವು ಉತ್ತಮ. ಜೇನು, ಮಾಗಿದ ಬಾಳೆ, ಮಾವು, ಹಲಸು, ತುಪ್ಪ ಒಸರುವ ಶೇಂಗಾ ಹೋಳಿಗೆ ಇವುಗಳ ಪರಿಮಳವು ಗಾಳಿಯ ಮೇಲೆ ಸವಾರಿ ಮಾಡಿ ದೂರಕ್ಕೆ ಹೋಗುವದು. ಮಕ್ಕಳ ಆಶೆಗೆ ಹೋಳಿಗೆಯನ್ನು ಕಟ್ಟಲೇಬೇಕಾದರೆ ಅದನ್ನು ಮೊದಲ ಊಟಕ್ಕೇ ಮುಗಿಸಬೇಕು. ಎರಡನೆಯದಾಗಿ, ಅರಿವೆಯ ಗಂಟನ್ನು ಬಿಡಬೇಕು. ಎಣ್ಣೆ ಹೀರಿದ ಅರಿವೆಯು ತಾನೇ ಒಂದು ವಾಸನೆಯ ದೀಪ. ತಿರುಪಿನ ಮುಚ್ಚಳವೋ ಬಿಗಿಯಾದ ಕೊಂಡಿಯೋ ಉಳ್ಳ ಸ್ಟೀಲಿನ ಡಬ್ಬಿ ನಮ್ಮ ಪೇಟೆಗಳಲ್ಲಿ ದೊರೆಯುವದು. ಕರಡಿಯ ದವಡೆಯನ್ನು ಅದು ತಡೆಯಲಾರದು, ಆದರೆ ವಾಸನೆಯನ್ನು ಬಹುಮಟ್ಟಿಗೆ ಒಳಗಿಡುವದು. ಕರಡಿಗೆ ಸುದ್ದಿಯೇ ಮುಟ್ಟದಿದ್ದರೆ ದವಡೆಯ ಪ್ರಶ್ನೆಯು ಬರುವದಿಲ್ಲ.

ಇರುಳು ಗುಡ್ಡದಲ್ಲಿ ತಂಗದಿರುವದೇ ಮೇಲು. ಕಾದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಇಳಿದುಕೊಳ್ಳಲೂಬಾರದು. ಕುರಿಯವರಂತೆ ಬಯಲಿನಲ್ಲಿ ತಂಗಲೇಬೇಕಾದವರು ಅಡಿಗೆಯ ಒಲೆ ಒಂದೆಡೆ, ಬುತ್ತಿಯ ಡಬ್ಬಿ ಒಂದೆಡೆ, ಹಾಸಿಗೆ ಒಂದೆಡೆ, ಹೀಗೆ ಮೂರನ್ನೂ ದೂರದೂರ ಇಡಬೇಕು. ನೂರು ಹೆಜ್ಜೆಯ ಅಂತರವಿದ್ದರೆ ಚೆನ್ನಾಯಿತು. ಡಬ್ಬಿಯನ್ನು ಗಾಳಿಯ ಇಳಿಮುಖಕ್ಕೆ, ಸಮನೆಲದಲ್ಲಿ, ಕಲ್ಲುಗಳ ನಡುವೆ ಅದುಮಿ ಇಡಬೇಕು. ಕರಡಿಯು ಎಳೆದೊಯ್ಯಲು ಅನುಕೂಲವಾಗುವ ಹಗ್ಗವನ್ನು ಅದಕ್ಕೆ ಕಟ್ಟಬಾರದು. ಉಂಡ ಕೈಯನ್ನು ಒರಸಿಕೊಂಡ ಚೌಕ, ಎಣ್ಣೆಯ ಬಾಟ್ಲಿ, ಸುವಾಸನೆಯ ಸಾಬೂನು, ಹಲ್ಲಿಗೆ ಹಚ್ಚುವ ಸಿಹಿ ಪೇಸ್ಟು ಇವುಗಳನ್ನೂ ಆಹಾರವೆಂದೇ ಎಣಿಸಿ ಅಲ್ಲಿಯೇ ಇಡಬೇಕು. ಅನ್ನ ಬಸಿದ ಗಂಜಿಯನ್ನು ಹಾಸಿಗೆಯ ಮಗ್ಗುಲಲ್ಲಿ ಚೆಲ್ಲುವದು ಬಹಳ ಜನರ ರೂಢಿ, ಅದನ್ನು ಬಿಡಬೇಕು. ಇಷ್ಟೆಲ್ಲ ಮಾಡಿಯೂ ಕರಡಿಯು ಬಂದು ಡಬ್ಬಿಗೆ ಕೈಯಿಟ್ಟರೆ ಆ ಬುತ್ತಿಯು ಅದರದೇ ಆಯಿತೆಂದು ತಿಳಿಯಬೇಕು. ನಾಲ್ಕು ರೊಟ್ಟಿಗಾಗಿ ಕರಡಿಯೊಡನೆ ವ್ಯಾಜ್ಯಕ್ಕಿಳಿದವನು ವೈದ್ಯನಿಗೆ ಕೊಡುವದೇ ಹೆಚ್ಚಾಗುವದು.

ಹಗಲು ಹೊತ್ತಿನಲ್ಲಿ ಆನೆಗೊಂದಿಯ ಕಡೆಗೆ ಹೋಗುವವರ ಬುತ್ತಿಗೆ ನಿಜವಾದ ಶತ್ರುವೆಂದರೆ ಕರಡಿಯಲ್ಲ, ಮಂಗ. ಅಂಜನಾದ್ರಿಯ ಐದುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳ ಉದ್ದಕ್ಕೂ ಅವುಗಳ ಠಾಣೆಗಳಿವೆ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪನ್ನು ತೂಗಾಡಿಸುತ್ತ ಹತ್ತುವ ಭಕ್ತನು ಅರ್ಧ ದಾರಿಗೇ ಹಗುರಾಗುವನು. ಹನುಮಂತನ ವಂಶವೆಂದು ನಾವೇ ಕೊಟ್ಟು ಕಲಿಸಿದ್ದು ಈ ವಿದ್ಯೆ. ಮಂಗನಿಗೆ ಕಲಿಸಿದ್ದು ಚೀಲ ಕಸಿದುಕೊಳ್ಳುವಲ್ಲಿಗೆ ನಿಂತಿತು. ಕರಡಿಗೆ ಕಲಿಸಿದರೆ ಅಲ್ಲಿಗೆ ನಿಲ್ಲುವದಿಲ್ಲ.

ಇಲ್ಲಿ ದರೋಜಿಯ ಮಾತು ತಾನಾಗಿಯೇ ಬರುವದು. ತುಂಗಭದ್ರೆಯ ಆಚೆಯ ದಂಡೆಯಲ್ಲಿ, ಹಂಪೆಗೆ ಸಮೀಪದಲ್ಲಿ, ಬಿಳಿಕಲ್ಲು ಅರಣ್ಯವನ್ನು ೧೯೯೪ರಲ್ಲಿ ಕರಡಿಗಳಿಗಾಗಿಯೇ ಧಾಮವನ್ನಾಗಿ ಮಾಡಿದರು. ಮೊದಲು ಅದರ ವಿಸ್ತಾರ ಸುಮಾರು ೫೬ ಚದರ ಕಿಲೋಮೀಟರು. ಮುಂದೆ ಅದನ್ನು ೮೨ ಚದರ ಕಿಲೋಮೀಟರುಗಳಿಗೂ ಮಿಕ್ಕಿ ಬೆಳೆಸಲಾಯಿತು. ಅಲ್ಲಿಯ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಕಾವಲುಗಾರರು ಮಧ್ಯಾಹ್ನದಲ್ಲಿ ಬೆಲ್ಲದ ಪಾಕವನ್ನು ಬಳಿಯುವರು. ಇಳಿಹೊತ್ತಿಗೆ ಕರಡಿಗಳು ಗವಿಗಳಿಂದಿಳಿದು ಬಂಡೆಯನ್ನು ನೆಕ್ಕುವದನ್ನು ದೂರದ ಗೋಪುರದ ಮೇಲೆ ನಿಂತು ಜನರು ನೋಡುವರು. ನೋಟವು ರಮ್ಯವೇ ಸರಿ. ಕಾಡುಕರಡಿಯನ್ನು ಭಯವಿಲ್ಲದೆ ಮನಸಾರೆ ನೋಡುವ ಅವಕಾಶವು ಬೇರೆಡೆಯಲ್ಲಿ ದುರ್ಲಭ. ಬೆಲ್ಲವನ್ನು ಹಚ್ಚುವ ಮನುಷ್ಯನೂ ನೋಡುವ ಮನುಷ್ಯನೂ ಕರಡಿಯು ಬರುವ ಹೊತ್ತಿಗೆ ಬಂಡೆಯ ಸಮೀಪದಲ್ಲಿರುವದಿಲ್ಲ ಎಂಬದೊಂದು ಸಮಾಧಾನ. ಆದರೂ ಯಲ್ಲೋಸ್ಟೋನಿನ ಆಸನಗಳ ಸಾಲನ್ನು ನೆನೆದಾಗ ಆ ಬೆಲ್ಲವು ನನಗೆ ಪೂರ್ತಿ ಸಿಹಿಯೆನಿಸುವದಿಲ್ಲ. ಧಾಮದಲ್ಲಿ ಕಾವಲುಂಟು, ಎಲ್ಲೆಯುಂಟು. ಅದನ್ನು ನೋಡಿ ಬಂದ ಉತ್ಸಾಹಿಗಳು ತಮ್ಮೂರ ಗುಡ್ಡದಲ್ಲಿಯೂ ಚಿತ್ರ ತೆಗೆಯುವದಕ್ಕೆಂದು ಬೆಲ್ಲವನ್ನಿಟ್ಟು ಕಾಯುವದು ಮಾತ್ರ ನೆರೆಹೊರೆಯವರ ಮನೆಗೆ ಕಿಚ್ಚಿಟ್ಟಂತೆ.

ಕರಡಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಸಲಿಗೆಯೂ ಇದ್ದಿತು. ಕರಡಿ ಆಡಿಸುವವರು ಓಣಿಗೆ ಬಂದರೆ ಅಂಜುಬುರುಕ ಮಕ್ಕಳನ್ನು ಅದರ ಬೆನ್ನ ಮೇಲೆ ಕೂಡ್ರಿಸಿ, ಒಂದೆರಡು ಕೂದಲನ್ನು ಬೇಡಿ ತಾಯಿತದಲ್ಲಿ ಕಟ್ಟುತ್ತಿದ್ದರು. (ಮನುಷ್ಯರ ಕೂದಲನ್ನು ಹಸನುಮಾಡಿ ಪರದೇಶಕ್ಕೆ ಕಳಿಸುವ ಭಾಗ್ಯನಗರದವರಿಗೆ ಕರಡಿಯ ಕೂದಲಿನ ಈ ಬೆಲೆಯನ್ನು ಕೇಳಿ ಅಚ್ಚರಿಯಾಗಲಿಕ್ಕಿಲ್ಲ!) ಹಲ್ಲು ಕಿತ್ತು, ಮೂಗಿಗೆ ಹಗ್ಗ ಪೋಣಿಸಿದ ಆ ದೀನ ಪ್ರಾಣಿಯನ್ನು ಕಂಡು ಬೆಳೆದವರಿಗೆ ಗುಡ್ಡದ ಕರಡಿಯೂ ಹಾಗೆಯೇ ಇರುವದೆಂಬ ಭ್ರಾಂತಿಯು ಸಹಜ. ಕರಡಿ ಕುಣಿಸುವ ಆ ವೃತ್ತಿಯು ೨೦೦೯ರ ಸುಮಾರಿಗೆ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ನಿಂತುಹೋಯಿತು. ಬಿಡಿಸಿ ತಂದ ಕರಡಿಗಳಿಗೆ ಬೆಂಗಳೂರಿನ ಬನ್ನೇರುಘಟ್ಟದಲ್ಲಿಯೂ ಆಶ್ರಯ ದೊರೆಯಿತು.

ದಾರಿಯಲ್ಲಿ ಕರಡಿಯು ಎದುರಾದರೆ ಮಾಡತಕ್ಕದ್ದನ್ನು ಸಂಕ್ಷೇಪವಾಗಿ ಹೇಳುವೆನು. ಗುಂಪಾಗಿ, ಮಾತಾಡುತ್ತ ಇಲ್ಲವೆ ಭಜನೆ ಮಾಡುತ್ತ, ಕೋಲನ್ನು ಕಲ್ಲಿಗೆ ಕುಟ್ಟುತ್ತ ನಡೆದರೆ ಕರಡಿಯು ತಾನಾಗಿ ಸರಿಯುವದು; ಬಾಯಿ ಮುಚ್ಚಿ ಒಬ್ಬೊಂಟಿಗನಾಗಿ ಹೋಗುವವನೇ ಅದನ್ನು ಬೆಚ್ಚಿಸುವನು. ಕಂಡರೆ ಓಡಬಾರದು; ಮನುಷ್ಯನಿಗಿಂತ ಅದರ ಓಟ ಹೆಚ್ಚು. ಮರ ಹತ್ತಬಾರದು. ತಿನ್ನಲಿಕ್ಕೆಂದು ರೊಟ್ಟಿಯನ್ನು ಎಸೆಯಬಾರದು. ಮುಖವನ್ನು ಅದರ ಕಡೆಗಿಟ್ಟುಕೊಂಡೇ ಮೆಲ್ಲನೆ ಹಿಂದೆ ಸರಿದು ಅದಕ್ಕೆ ದಾರಿ ಬಿಡಬೇಕು. ಮೈಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು, ಮುಖವನ್ನು ನೆಲಕ್ಕೊತ್ತಬೇಕು. ಬೆನ್ನ ಮೇಲಿನ ಚೀಲವನ್ನು ತೆಗೆಯಬಾರದು. ಆ ಹೊತ್ತಿಗೆ ಅದೇ ಗುರಾಣಿ. ಕರಡಿಯು ಹೋಯಿತೆಂದು ಖಚಿತವಾಗುವವರೆಗೆ ಏಳಬಾರದು.

ಹಿರೇಬೆಣಕಲ್ಲಿಗೆ ಹೋಗುವವರಿಗೆ ಇನ್ನೊಂದು ಮಾತು. ಎರಡು ಸಾವಿರ ವರ್ಷಗಳಿಗೂ ಹಿಂದಿನ ನಾಲ್ಕುನೂರಕ್ಕೂ ಮೀರಿದ ಶಿಲಾಸಮಾಧಿಗಳಿರುವ ಆ ಗುಡ್ಡವು ೨೦೨೧ರಿಂದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿದ್ದು, ನೋಡುವವರ ಸಂಖ್ಯೆಯು ಬೆಳ್ಳಿಯಂತೆ ಒಳ್ಳೆಯದೇ ಆದರೂ ಎಂಜಲಿನ ಸಂಖ್ಯೆಯೂ ಅದರೊಡನೆ ಬೆಳೆಯುವ ಅಂಜಿಕೆಯುಂಟು. ಮೇಲೆ ಅಂಗಡಿಯಿಲ್ಲ, ಬುತ್ತಿ ಅವಶ್ಯ. ಬಿಸಿಲೇರಿದ ಮೇಲೆ ಹತ್ತಿ, ಹೊತ್ತು ಮುಳುಗುವದಕ್ಕೆ ಒಂದು ತಾಸು ಮೊದಲೇ ಇಳಿಯಬೇಕು. ಗವಿಯಂತಿರುವ ಕಲ್ಮನೆಗಳ ನೆರಳು ಹಿತವೆಂದು ಅವುಗಳೊಳಗೆ ಕುಳಿತು ಉಣ್ಣಬಾರದು. ನಾಲ್ಕು ಕಡೆಗೂ ಕಣ್ಣು ಹಾಯುವ ಬಯಲು ಬಂಡೆಯನ್ನು ಆರಿಸಿಕೊಳ್ಳಬೇಕು. ಅಲ್ಲಿರುವ ನಗಾರಿಯಂಥ ದೊಡ್ಡ ಕಲ್ಲನ್ನು ಬಡಿದರೆ ಅದರ ಧ್ವನಿಯು ಬಹು ದೂರ ಕೇಳುವದಂತೆ. ಆ ಪುರಾತನ ಕಲ್ಲಿಗೆ ಪೆಟ್ಟು ಕೊಡುವ ಬದಲು ಕರಡಿಯನ್ನು ಸರಿಸಲು ನಮ್ಮ ಗಂಟಲೇ ಸಾಕು. ಉಂಡ ಎಲೆ, ಉಪ್ಪಿನಕಾಯಿಯ ಕಾಗದ, ತೆಂಗಿನ ಚಿಪ್ಪು ಇವುಗಳನ್ನು ಬಂಡೆಯ ಸಂದಿಯಲ್ಲಿ ತುರುಕದೆ ಡಬ್ಬಿಯಲ್ಲಿಯೇ ತುಂಬಿ ಕೆಳಗೆ ತರಬೇಕು. ಡಬ್ಬಿಯನ್ನು ಊರಿನ ನಳದ ಕೆಳಗೆ ತೊಳೆಯಬಹುದು. ಬಾಳೆಯ ಸಿಪ್ಪೆಗೆ ಅಗಸಿಯ ಹತ್ತಿರ ಯಾವದಾದರೂ ಒಂದು ಆಕಳು ಕಾದಿರುತ್ತದೆ.